ಇದ್ದಿಲ ಬೆಂಕಿಯ ಮೇಲೆ ವೋಕ್: ಪೆನಾಂಗ್ ಮಾದರಿಯ ಚಾರ್ ಕ್ವೇ ಟಿಯೋ, ಹಂತ ಹಂತವಾಗಿ

ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ಚಾರ್ ಕ್ವೇ ಟಿಯೋ ಬೀದಿ ಬದಿಯ ಊಟ. ಅಗಲವಾದ ಅಕ್ಕಿ ಶ್ಯಾವಿಗೆ, ಸಿಗಡಿ, ಕಪ್ಪೆಚಿಪ್ಪಿನ ಮಾಂಸ, ಮೊಟ್ಟೆ, ಮೊಳಕೆ, ಸೋಯಾ ಸಾಸ್ ಎಲ್ಲವನ್ನೂ ವೋಕ್ ಎಂಬ ಗುಂಡು ತಳದ, ಉರಿಯುವಷ್ಟು ಕಾದ ಚೀನೀ ಬಾಣಲೆಯಲ್ಲಿ ಎರಡು ಮೂರು ನಿಮಿಷ ಹುರಿದರೆ ಒಂದು ತಟ್ಟೆ ಸಿದ್ಧ. ಅಲ್ಲಿನ ಬಹುಪಾಲು ಅಂಗಡಿಗಳು ಗ್ಯಾಸ್‌ಗೆ ಬದಲಾಗಿವೆ. ಇದ್ದಿಲನ್ನು ಬಿಡದವರು ಕೆಲವರಷ್ಟೇ. ಜಾರ್ಜ್‌ಟೌನ್‌ನ ಸಿಯಾಮ್ ರಸ್ತೆಯ ಚಾರ್ ಕ್ವೇ ಟಿಯೋ ಹೆಸರಾಗಿರುವುದು ಆ ಇದ್ದಿಲ ಬೆಂಕಿಯಿಂದಲೇ. ಥಾಯ್ಲೆಂಡಿನ ಬ್ಯಾಂಕಾಕ್‌ನಲ್ಲಿ ಕಣ್ಣಿಗೆ ದೊಡ್ಡ ಗಾಗಲ್ ಹಾಕಿಕೊಂಡು ಇದ್ದಿಲ ಒಲೆಯ ಮುಂದೆ ನಿಂತು ಅಡುಗೆ ಮಾಡುವ ಜೇ ಫೈ ಅವರಿಗೆ 2017ರ ಡಿಸೆಂಬರ್‌ನಲ್ಲಿ ಒಳ್ಳೆಯ ಹೋಟೆಲುಗಳಿಗೆ ಮಿಶಲಿನ್ ಕೈಪಿಡಿ ಕೊಡುವ ತಾರೆ ಸಿಕ್ಕಿತು.

ಈ ಅಡುಗೆಯನ್ನು ಮನೆಯ ಅಂಗಳದಲ್ಲಿ ಮಾಡುವುದು ಸಾಧ್ಯ. ಅದಕ್ಕೆ ವಿಶೇಷ ಕೈಚಳಕಕ್ಕಿಂತ ಎರಡು ವಿಷಯ ಅರ್ಥವಾಗಿರಬೇಕು. ಇದ್ದಿಲ ಒಲೆಗೆ ಉರಿ ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಗುಂಡಿ ಇಲ್ಲ, ಗಾಳಿಯೇ ಅದರ ಗುಂಡಿ. ಮತ್ತು ಒಂದು ಸಲಕ್ಕೆ ಒಂದೇ ತಟ್ಟೆ, ಹೆಚ್ಚೆಂದರೆ ಎರಡು. ಈ ಮಾರ್ಗದರ್ಶಿಯಲ್ಲಿ ಮುಂದೆ ಬರುವುದೆಲ್ಲ ಈ ಎರಡಕ್ಕೇ ಜೋಡಿಸಿಕೊಂಡಿದೆ.

ಅಷ್ಟು ಬಿಸಿ ಏಕೆ ಬೇಕು?

ಶ್ಯಾವಿಗೆಯಲ್ಲಿ, ಮೊಳಕೆಯಲ್ಲಿ, ಸಿಗಡಿಯಲ್ಲಿ ಇರುವುದು ಹೆಚ್ಚಾಗಿ ನೀರು. ಕುದಿಯುತ್ತಿರುವ ನೀರನ್ನು ಆವಿ ಮಾಡಲು ಬೇಕಾದ ಶಾಖ, ಅದೇ ನೀರನ್ನು ತಣ್ಣಗಿನ ಸ್ಥಿತಿಯಿಂದ ಕುದಿಯುವವರೆಗೆ ತರಲು ಬೇಕಾದ ಶಾಖದ ಸುಮಾರು ಏಳು ಪಟ್ಟು. ಆ ನೀರು ಹೋಗುವವರೆಗೂ ಆಹಾರದ ಮೇಲ್ಮೈ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಹುರಿದ ಘಮ ಹುಟ್ಟಿಸುವ ಕಂದು ಬಣ್ಣದ ಕ್ರಿಯೆ ಚುರುಕಾಗುವುದು 140 ಡಿಗ್ರಿಯ ಮೇಲೆ. ಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರ್ ಗಂಟೆಗೆ ಸುಮಾರು 10,000 ಬಿಟಿಯು (ಶಾಖದ ಒಂದು ಅಳತೆ) ಶಾಖ ಕೊಟ್ಟರೆ, ಚೀನೀ ಹೋಟೆಲುಗಳ ವೋಕ್ ಒಲೆ 1,00,000 ಬಿಟಿಯುಗೂ ಹೆಚ್ಚು ಕೊಡುತ್ತದೆ. ನಾಲ್ವರಿಗಾಗುವಷ್ಟು ಶ್ಯಾವಿಗೆಯನ್ನು ಮನೆಯ ಒಲೆಯ ಮೇಲೆ ಒಟ್ಟಿಗೆ ಸುರಿದರೆ ಚುರ್ ಎನ್ನುವ ಸದ್ದು ನಿಂತು, ಎಲ್ಲವೂ ತನ್ನ ನೀರಿನಲ್ಲೇ ಬೇಯುವುದು ಇದಕ್ಕೇ.

ಚೆನ್ನಾಗಿ ಹೊತ್ತಿದ ಕೆಂಡದ ಮೇಲ್ಮೈ 700 ಡಿಗ್ರಿ ದಾಟುತ್ತದೆ. ಗಾಳಿ ಊದಿದರೆ ಇನ್ನೂ ಮೇಲೆ ಹೋಗುತ್ತದೆ. ಅದು ವೋಕ್‌ನ ತಳಕ್ಕೆ ಮಾತ್ರವಲ್ಲ, ಇಡೀ ಹೊಟ್ಟೆಗೆ ಶಾಖ ಸೂಸುತ್ತದೆ. ಒಂದು ಮಾತು ಸ್ಪಷ್ಟವಾಗಿರಲಿ: ಪೂರ್ತಿ ಹೊತ್ತಿದ ಒಳ್ಳೆಯ ಇದ್ದಿಲು ಹೆಚ್ಚು ಹೊಗೆ ಕೊಡುವುದಿಲ್ಲ. ಕ್ಯಾಂಟನೀಸ್ ಅಡುಗೆಯವರು ವೋಕ್ ಹೇ ಎನ್ನುವ ಆ ಸುಟ್ಟಂಥ ಪರಿಮಳ ಬರುವುದು ಕಾದ ಉಕ್ಕು, ಆವಿಯಾಗುವ ಎಣ್ಣೆ, ಅಂಚಿನಲ್ಲಿ ಚುರುಗುಟ್ಟುವ ಸೋಯಾ ಸಾಸ್ ಇವುಗಳಿಂದ. ಹೊಗೆಯ ವಾಸನೆ ಬೇಕೆಂದು ಹಸಿ ಸೌದೆ ಹಾಕುವವರು ಅಡುಗೆಯನ್ನು ಕೆಡಿಸಿಕೊಳ್ಳುತ್ತಾರೆ.

ಒಲೆ

ವೋಕ್ ಒಲೆಯ ಬಾಯಿಯೊಳಗೆ ಅರ್ಧ ಇಳಿದು ಕೂರಬೇಕು, ಅದರ ತಳಕ್ಕೂ ಕೆಂಡಕ್ಕೂ ನಡುವೆ ಎರಡರಿಂದ ನಾಲ್ಕು ಸೆಂಟಿಮೀಟರ್ ಅಂತರವಿರಬೇಕು, ಕೆಳಗಿನಿಂದ ಗಾಳಿ ಬಂದು ಪಕ್ಕದಿಂದ ಹೊರಹೋಗಲು ದಾರಿ ಇರಬೇಕು. ಈ ಮೂರೂ ಸಿಕ್ಕಿದರೆ ಒಲೆ ಯಾವುದಾದರೂ ನಡೆಯುತ್ತದೆ.

ನಮ್ಮ ಊರುಗಳಲ್ಲಿ ಸಿಗುವ ಕಬ್ಬಿಣದ ಅಗ್ಗಿಷ್ಟಿಕೆ, ಉತ್ತರ ಕರ್ನಾಟಕದವರ ಶೆಗಡಿ, ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಒಳಗೆ ಜಾಲರಿ, ಕೆಳಗೆ ಗಾಳಿಯ ಬಾಯಿ, ಮೇಲೆ ಮೂರು ಗುಬುಟು. ಬಾಯಿ 25 ಸೆಂಟಿಮೀಟರಿಗಿಂತ ಚಿಕ್ಕದಿರಬಾರದು. ಗುಬುಟುಗಳಿಲ್ಲದಿದ್ದರೆ ಮೂರು ಕಬ್ಬಿಣದ ತುಂಡುಗಳನ್ನಿಟ್ಟು ವೋಕನ್ನು ಸ್ವಲ್ಪ ಎತ್ತರಿಸಿ. ಇಲ್ಲವಾದರೆ ವೋಕ್ ಮುಚ್ಚಳದಂತೆ ಕೂತು ಬೆಂಕಿಯ ಉಸಿರು ಕಟ್ಟಿಸುತ್ತದೆ.

ವಿದೇಶದಲ್ಲಿರುವ ಕನ್ನಡಿಗರಲ್ಲಿ ಅನೇಕರ ಹಿತ್ತಲಲ್ಲಿ ಗುಂಡಗಿನ ಕೆಟಲ್ ಗ್ರಿಲ್ ಇರುತ್ತದೆ. ಷಿಕಾಗೋದ ಜಾರ್ಜ್ ಸ್ಟೀಫನ್ 1952ರಲ್ಲಿ ರೂಪಿಸಿದ ಈ ಗ್ರಿಲ್ ಮುಚ್ಚಳ ಹಾಕಿ ಮಾಂಸ ಬೇಯಿಸಲು ಹೇಳಿ ಮಾಡಿಸಿದ್ದು. ವೋಕ್‌ಗೆ ಬಳಸುವಾಗ ಮುಚ್ಚಳವೂ ಬೇಡ, ಮೇಲಿನ ಜಾಲರಿಯೂ ಬೇಡ. ಮೇಲಿನ ಜಾಲರಿಯ ಮೇಲೆಯೇ ವೋಕ್ ಇಟ್ಟರೆ ಅದು ಕೆಂಡದಿಂದ ಒಂದು ಗೇಣು ದೂರ ಉಳಿಯುತ್ತದೆ, ಶಾಖದಲ್ಲಿ ಹೆಚ್ಚಿನದು ಗಾಳಿಗೆ ಹೋಗುತ್ತದೆ. ನಡುವೆ ತೆಗೆಯಬಹುದಾದ ವೃತ್ತವಿರುವ ಜಾಲರಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕೆಳಗಿನ ಜಾಲರಿಯ ಮೇಲೆ ಮೂರು ಬೆಂಕಿ ಇಟ್ಟಿಗೆಗಳನ್ನು ತ್ರಿಕೋನವಾಗಿ ನಿಲ್ಲಿಸಿ, ನಡುವೆ ಕೆಂಡ ತುಂಬಿ, ಇಟ್ಟಿಗೆಗಳ ತಲೆಯ ಮೇಲೆ ವೋಕ್ ಕೂರಿಸಿ. ಹೊಳೆಕಲ್ಲನ್ನು ಎಂದಿಗೂ ಬಳಸಬೇಡಿ. ಒಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ.

ಇದ್ದಿಲು ಹೊತ್ತಿಸುವ ಚಿಮಣಿ ಸ್ಟಾರ್ಟರ್‌ನ ಮೇಲೆಯೇ ವೋಕ್ ಇಡುವವರಿದ್ದಾರೆ. ಶಾಖ ಭಯಂಕರವಾಗಿ ಬರುತ್ತದೆ, ನಿಜ. ಆದರೆ ತಲೆಭಾರದ ಆ ಜೋಡಣೆ ಸಟ್ಟುಗ ಆಡಿಸುವಾಗ ಅಲುಗಾಡುತ್ತದೆ. ಮಕ್ಕಳು ಓಡಾಡುವ ಜಾಗದಲ್ಲಿ ನಾನು ಅದನ್ನು ಒಪ್ಪುವುದಿಲ್ಲ.

ವೋಕ್

ಕಾರ್ಬನ್ ಸ್ಟೀಲ್, 35 ಸೆಂಟಿಮೀಟರ್ ಅಗಲ, ಒಂದೂವರೆಯಿಂದ ಎರಡು ಮಿಲಿಮೀಟರ್ ದಪ್ಪ, ಗುಂಡು ತಳ. ಗ್ಯಾಸ್ ಒಲೆಗೆ ಚಪ್ಪಟೆ ತಳ ಅನುಕೂಲವಾದರೆ ಕೆಂಡಕ್ಕೆ ಗುಂಡು ತಳವೇ ಸರಿ. ಹಿಡಿಯೂ ಲೋಹದ್ದೇ ಇರಲಿ. ಮರದ ಹಿಡಿ ಒಲೆಯ ಬಾಯಿಯ ಬಿಸಿಗೆ ಸುಟ್ಟುಹೋಗುತ್ತದೆ.

ನಾನ್‌ಸ್ಟಿಕ್ ಪಾತ್ರೆ ಖಂಡಿತ ಬೇಡ. ಅದರ ಲೇಪನ 260 ಡಿಗ್ರಿ ದಾಟಿದರೆ ಕೆಡಲು ಶುರುವಾಗಿ ಹಾನಿಕರ ಹೊಗೆ ಬಿಡುತ್ತದೆ, ಊದಿದ ಕೆಂಡ ಖಾಲಿ ಪಾತ್ರೆಯನ್ನು ಒಂದೆರಡು ನಿಮಿಷದಲ್ಲಿ ಅಲ್ಲಿಗೆ ಮುಟ್ಟಿಸುತ್ತದೆ. ಅಲ್ಯೂಮಿನಿಯಂ ಬಾಣಲೆಯೂ ಬೇಡ. ಆ ಲೋಹ 660 ಡಿಗ್ರಿಗೆ ಕರಗುತ್ತದೆ. ಮನೆಯಲ್ಲಿರುವ ಎರಕದ ಕಬ್ಬಿಣದ ದಪ್ಪ ಬಾಣಲೆಯಿಂದ ಅಡುಗೆ ಆಗುತ್ತದೆ, ಬಿಸಿಯನ್ನೂ ಚೆನ್ನಾಗಿ ಹಿಡಿದಿಡುತ್ತದೆ. ಆದರೆ ಬೇಕೆಂದಾಗ ಬೆಂಕಿಯಿಂದ ಎತ್ತಲು ಕೈಗೆ ಭಾರ. ಕಾದಾಗ ತಣ್ಣೀರು ಸುರಿದರೆ ಸೀಳಲೂಬಹುದು.

ಹೊಸ ಕಾರ್ಬನ್ ಸ್ಟೀಲ್ ವೋಕ್‌ಗೆ ತುಕ್ಕು ಹಿಡಿಯದಂತೆ ಅಂಗಡಿಯವರು ಎಣ್ಣೆಯ ಲೇಪ ಬಳಿದಿರುತ್ತಾರೆ. ಸೋಪು ಮತ್ತು ತಂತಿ ಉಜ್ಜುಗದಿಂದ ಪೂರ್ತಿ ತೆಗೆಯಿರಿ. ಒಣಗಿಸಿ ಕೆಂಡದ ಮೇಲಿಟ್ಟು ತಿರುಗಿಸುತ್ತ ಹೋಗಿ. ಬೂದು ಬಣ್ಣದ ಉಕ್ಕು ಮೊದಲು ಹಳದಿ, ಆಮೇಲೆ ನೀಲಿಗೆ ತಿರುಗುತ್ತದೆ. ಇಡೀ ಒಳಭಾಗ ನೀಲಿಯಾದ ಮೇಲೆ ಕೆಳಗಿಳಿಸಿ, ಸ್ವಲ್ಪ ಆರಿದಾಗ ಬಟ್ಟೆಯಿಂದ ಬಹಳ ತೆಳ್ಳಗೆ ಎಣ್ಣೆ ಸವರಿ, ಹೊಗೆ ನಿಲ್ಲುವವರೆಗೆ ಮತ್ತೆ ಕಾಯಿಸಿ. ಮೂರು ನಾಲ್ಕು ಸಲ ಹೀಗೆ ಮಾಡಿ. ಎಣ್ಣೆ ದಪ್ಪವಾದರೆ ಅಂಟಂಟಾಗಿ ಉಳಿಯುತ್ತದೆ. ಕೊನೆಯಲ್ಲಿ ಶುಂಠಿ ಚೂರು, ಈರುಳ್ಳಿ ಸೊಪ್ಪನ್ನು ಎಣ್ಣೆಯಲ್ಲಿ ಕರಕಲಾಗುವಷ್ಟು ಹುರಿದು ಬಿಸಾಡಿ. ಲೋಹದ ವಾಸನೆ ಹೋಗುತ್ತದೆ. ಈ ಪದರ ಕೂರಿಸುವ ಕೆಲಸ ಗ್ಯಾಸ್‌ಗಿಂತ ಇದ್ದಿಲಿನಲ್ಲಿ ಚೆನ್ನಾಗಿ ಆಗುತ್ತದೆ, ಏಕೆಂದರೆ ವೋಕ್‌ನ ಬದಿಗಳೂ ಕಾಯುತ್ತವೆ.

ಇದ್ದಿಲು

ಪೆನಾಂಗ್‌ನ ದಕ್ಷಿಣಕ್ಕಿರುವ ಪೆರಾಕ್ ರಾಜ್ಯದ ಮಾತಾಂಗ್ ಕಾಂಡ್ಲಾ ಕಾಡು ಇದ್ದಿಲಿಗೆ ಹೆಸರಾದದ್ದು. 20ನೇ ಶತಮಾನದ ಆರಂಭದಿಂದ ಅದನ್ನು ಯೋಜನೆ ಹಾಕಿಕೊಂಡು, 30 ವರ್ಷಗಳ ಸರದಿಯಲ್ಲಿ ಕಡಿದು ಮತ್ತೆ ಬೆಳೆಸುತ್ತ ಬಂದಿದ್ದಾರೆ. ಕುವಾಲಾ ಸೆಪೆಟಾಂಗ್‌ನಲ್ಲಿ ಗುಮ್ಮಟದಾಕಾರದ ಇಟ್ಟಿಗೆ ಗೂಡುಗಳಲ್ಲಿ ಆ ಮರ ಇದ್ದಿಲಾಗುತ್ತದೆ. ಗಟ್ಟಿಯಾಗಿರುತ್ತದೆ, ಬಹಳ ಹೊತ್ತು ಉರಿಯುತ್ತದೆ.

ನಮ್ಮಲ್ಲಿ ಅದಕ್ಕೆ ಸಮನಾಗಿ ನಿಲ್ಲುವುದು ಬಳ್ಳಾರಿ ಜಾಲಿಯ ಇದ್ದಿಲು. ಎಲ್ಲಿ ಸಿಗುತ್ತದೆಂದು ತಿಳಿಯದಿದ್ದರೆ ನಿಮ್ಮ ಬೀದಿಯ ಇಸ್ತ್ರಿಯವರನ್ನು ಕೇಳಿ. ಇದ್ದಿಲು ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುವವರಿಗೆ ಒಳ್ಳೆಯ ಇದ್ದಿಲು ಯಾವ ಅಂಗಡಿಯದೆಂದು ಚೆನ್ನಾಗಿ ಗೊತ್ತಿರುತ್ತದೆ. ಎರಡು ತುಂಡು ಒಂದಕ್ಕೊಂದು ತಾಗಿಸಿದರೆ ಠಣ್ ಎನ್ನುವುದು ಚೆನ್ನಾಗಿ ಸುಟ್ಟ ಇದ್ದಿಲು. ಮಂಕಾಗಿ ಸದ್ದು ಮಾಡುವುದರಲ್ಲಿ ಹಸಿ ಮರ ಉಳಿದಿರುತ್ತದೆ ಅಥವಾ ತೇವವಿರುತ್ತದೆ. ಅಂಗೈಯ ಅರ್ಧದಷ್ಟು ದೊಡ್ಡ ತುಂಡುಗಳನ್ನು ಆರಿಸಿಕೊಳ್ಳಿ. ಪುಡಿ ಗಾಳಿಯ ದಾರಿ ಮುಚ್ಚುತ್ತದೆ, ಅದನ್ನು ಜರಡಿ ಹಿಡಿದು ತೆಗೆಯಿರಿ. ತೆಂಗಿನ ಕರಟದ ಇದ್ದಿಲು ಸಿಕ್ಕರೆ ಮೂರರಲ್ಲೊಂದು ಪಾಲು ಬೆರೆಸಿ, ಉರಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅಚ್ಚಿನ ಬ್ರಿಕೆಟ್‌ಗಳು ಮಂದವಾಗಿ ಉರಿದು ಬೂದಿ ಹೆಚ್ಚು ಬಿಡುತ್ತವೆ. ನಿಧಾನ ಅಡುಗೆಗೆ ಅವು ಸರಿ, ವೋಕ್‌ಗೆ ಅಲ್ಲ. ಬೇಗ ಹೊತ್ತಲೆಂದು ಪೆಟ್ರೋಲಿಯಂ ಅಂಶ ಸೇರಿಸಿದವು ಅಡುಗೆಗೆ ವಾಸನೆ ಕೊಡುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕೊಲ್ಲುತ್ತದೆ. ಅಡುಗೆಮನೆಯಲ್ಲಿ, ಗ್ಯಾರೇಜಿನಲ್ಲಿ, ಗಾಜು ಮುಚ್ಚಿದ ಬಾಲ್ಕನಿಯಲ್ಲಿ, ಮಳೆ ಬಂತೆಂದು ಹೊಕ್ಕ ಡೇರೆಯಲ್ಲಿ ಎಲ್ಲಿಯೂ ಇದನ್ನು ಉರಿಸಬಾರದು. ಆರಿದಂತೆ ಕಾಣುವ ಬೂದಿ ಮುಚ್ಚಿದ ಕೆಂಡವೂ ಅದನ್ನು ಬಿಡುತ್ತಲೇ ಇರುತ್ತದೆ. ತೆರೆದ ಅಂಗಳ, ನೆಲ ಕಲ್ಲಿನದೋ ಮಣ್ಣಿನದೋ ಆಗಿರಲಿ, ಪಕ್ಕದಲ್ಲಿ ಒಂದು ಬಕೆಟ್ ಮರಳು, ಮೈಮೇಲೆ ಹತ್ತಿಯ ಬಟ್ಟೆ. ಸೆರಗು, ದುಪಟ್ಟಾಗಳನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳಿ.

ಹೊತ್ತಿಸುವುದು

ಚಿಮಣಿ ಸ್ಟಾರ್ಟರ್ ಇದ್ದರೆ ಅದರ ತಳದಲ್ಲಿ ಎರಡು ಹಾಳೆ ಪತ್ರಿಕೆ ಮುದುರಿಟ್ಟು, ಮೇಲೆ ಇದ್ದಿಲು ತುಂಬಿ ಕಡ್ಡಿ ಗೀರಿ. ಇಲ್ಲದಿದ್ದರೆ ಅಗ್ಗಿಷ್ಟಿಕೆಯಲ್ಲೇ ಒಣ ತೆಂಗಿನ ಗರಿ, ಒಡೆದ ಕರಟ, ಅದರ ಮೇಲೆ ಸಣ್ಣ ಇದ್ದಿಲು, ಆಮೇಲೆ ದೊಡ್ಡದು. ಸೀಮೆಎಣ್ಣೆ ಬೇಡ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮೇಲಿನ ತುಂಡುಗಳ ಅಂಚಿಗೂ ಬೂದಿ ಕೂರುತ್ತದೆ. ಆಗ ಒಲೆಗೆ ಸುರಿದು ಹತ್ತು ಸೆಂಟಿಮೀಟರ್ ದಪ್ಪದ ಹಾಸು ಮಾಡಿ. ಕಪ್ಪು ಇದ್ದಿಲು ಅಲ್ಲಲ್ಲಿ ಉಳಿದಿದ್ದರೆ ಐದು ನಿಮಿಷ ಕಾಯಿರಿ, ಹೊಗೆ ಬರುವುದು ಆ ತುಂಡುಗಳಿಂದಲೇ.

ಉರಿ ಸಾಕೋ ಎಂದು ನೋಡಲು ಕೆಂಡದಿಂದ ಒಂದು ಚಿಕ್ಕ ಗೇಣು ಮೇಲೆ ಅಂಗೈ ಹಿಡಿಯಿರಿ. ಎರಡು ಎಣಿಸುವಷ್ಟರಲ್ಲಿ ಕೈ ಹಿಂದೆಳೆಯುವಂತಾದರೆ ಸಾಕು.

ಗಾಳಿ

ಹೆಚ್ಚಿನ ಬರಹಗಳು ಇದ್ದಿಲಿನ ಅಳತೆ ಹೇಳಿ ಸುಮ್ಮನಾಗುತ್ತವೆ. ಅಸಲಿಗೆ ಕೆಂಡ ಎಷ್ಟು ಶಾಖ ಕೊಡುತ್ತದೆ ಎನ್ನುವುದು ಅದಕ್ಕೆ ಎಷ್ಟು ಆಮ್ಲಜನಕ ತಲುಪುತ್ತದೆ ಎನ್ನುವುದರ ಮೇಲೆ ನಿಂತಿದೆ. ಬೆಂಗಳೂರಿನ ಬೀದಿಯಲ್ಲಿ ಮುಸುಕಿನ ಜೋಳ ಸುಡುವವರನ್ನು ಗಮನಿಸಿ. ತೆನೆ ಇಟ್ಟ ಕೂಡಲೇ ಬೀಸಣಿಗೆ ಆಡುತ್ತದೆ, ಗಿರಾಕಿ ಇಲ್ಲದಾಗ ಕೆಂಡ ಬೂದಿ ಹೊದ್ದು ಮಲಗಿರುತ್ತದೆ. ಇದ್ದಿಲು ಉಳಿಸುವ, ಬೇಕೆಂದಾಗ ಉರಿ ಪಡೆಯುವ ಪೂರ್ತಿ ವಿದ್ಯೆ ಅದರಲ್ಲಿದೆ.

ಕೆಳಗಿನ ಗಾಳಿಕಿಂಡಿಗಳನ್ನು ಪೂರ್ತಿ ತೆರೆದಿಡಿ. ಒಬ್ಬರು ಹುರಿಯುವಾಗ ಇನ್ನೊಬ್ಬರು ಗಾಳಿಯ ಬಾಯಿಗೆ ಬೀಸಲಿ. ಇಬ್ಬರಿದ್ದರೆ ಈ ಅಡುಗೆ ಸಲೀಸು. ಒಬ್ಬರೇ ಆದರೆ ಚಿಕ್ಕ ವಿದ್ಯುತ್ ಊದುಯಂತ್ರ, ಅದಕ್ಕೊಂದು ಉದ್ದನೆಯ ಕಬ್ಬಿಣದ ಕೊಳವೆ. ಗಾಳಿ ಯಾವಾಗಲೂ ಕೆಂಡದ ಕೆಳಗಿನಿಂದ ಬರಬೇಕು. ಮೇಲಿನಿಂದ ಊದಿದರೆ ಬೂದಿ ಹಾರಿ ಊಟಕ್ಕೆ ಬೀಳುತ್ತದೆ, ಕಿಡಿ ಕಣ್ಣಿಗೆ ಬರುತ್ತದೆ.

ಬೀಸುವ ಹೊತ್ತು ಮೂರು: ವೋಕ್ ಕಾಯಿಸುವಾಗ, ಶ್ಯಾವಿಗೆ ಬಿದ್ದ ಕೂಡಲೇ, ಮೊಳಕೆ ಹಾಕಿದಾಗ. ತಣ್ಣಗಿನ, ನೀರಿರುವ ಪದಾರ್ಥ ಬಿದ್ದಾಗಲೆಲ್ಲ ಉಕ್ಕಿನ ಬಿಸಿ ಇಳಿಯುತ್ತದೆ, ಅದನ್ನು ಕೆಂಡ ತುಂಬಿಕೊಡಬೇಕು. ಉರಿ ಹೆಚ್ಚಾಯಿತೆನಿಸಿದರೆ ಗಾಳಿ ನಿಲ್ಲಿಸಿ ಕಾಯುತ್ತ ನಿಲ್ಲಬೇಡಿ, ಕೆಂಡ ಅಷ್ಟು ಬೇಗ ತಣಿಯುವುದಿಲ್ಲ. ವೋಕನ್ನೇ ಎತ್ತಿ. ಪಕ್ಕದಲ್ಲಿ ಒಂದು ಸಿಂಬೆಯನ್ನೋ ಇಟ್ಟಿಗೆಯನ್ನೋ ಮೊದಲೇ ಸಿದ್ಧವಾಗಿಟ್ಟುಕೊಂಡಿರಿ. ಸಿಂಬೆ ಕಬ್ಬಿಣದ್ದಾಗಿರಲಿ.

ಸಾಮಗ್ರಿ

ನಾಲ್ಕು ತಟ್ಟೆಗೆ ಲೆಕ್ಕ ಹೇಳುತ್ತೇನೆ. ಎಲ್ಲವನ್ನೂ ನಾಲ್ಕು ಪಾಲು ಮಾಡಿ ಬೇರೆ ಬೇರೆ ಬಟ್ಟಲಲ್ಲಿ, ಹಾಕುವ ಕ್ರಮದಲ್ಲಿಯೇ ಒಲೆಯ ಬಲಕ್ಕೆ ಜೋಡಿಸಿಡಿ. ಬೆಂಕಿ ಹೊತ್ತಿದ ಮೇಲೆ ಈರುಳ್ಳಿ ಹೆಚ್ಚಲು ಪುರುಸೊತ್ತು ಸಿಗುವುದಿಲ್ಲ.

ತಾಜಾ ಅಗಲ ಅಕ್ಕಿ ಶ್ಯಾವಿಗೆ 700 ಗ್ರಾಂ. ತಾಜಾ ಸಿಕ್ಕರೆ ಅದೇ ದಿನ ಬಳಸಿ. ಫ್ರಿಜ್‌ನಲ್ಲಿಟ್ಟರೆ ಗಟ್ಟಿಯಾಗಿ ಮುರಿಯುತ್ತದೆ. ಒಣ ಶ್ಯಾವಿಗೆಯಾದರೆ ಒಂದು ಸೆಂಟಿಮೀಟರ್ ಅಗಲದ್ದನ್ನು 350 ಗ್ರಾಂ ತೆಗೆದುಕೊಂಡು ಉಗುರುಬೆಚ್ಚಗಿನ ನೀರಿನಲ್ಲಿ ಬಾಗುವಷ್ಟು ಮೆತ್ತಗಾಗುವವರೆಗೆ, ಸುಮಾರು ಅರ್ಧ ಗಂಟೆ ನೆನೆಸಿ. ಕುದಿಸಬೇಡಿ. ಚೆನ್ನಾಗಿ ಬಸಿದು ಒಂದು ಚಮಚ ಎಣ್ಣೆ ಸವರಿಡಿ. ನಮ್ಮ ಒತ್ತು ಶ್ಯಾವಿಗೆಯೂ ಅಕ್ಕಿಯದೇ ಆದರೂ ಇಲ್ಲಿ ಒಗ್ಗುವುದಿಲ್ಲ, ಎರಡು ಸಲ ಮಗುಚುವಷ್ಟರಲ್ಲಿ ಪುಡಿಯಾಗುತ್ತದೆ.

ಸಿಗಡಿ 20, ಸಿಪ್ಪೆ ಮತ್ತು ಕಪ್ಪು ನಾಳ ತೆಗೆದು ಬಟ್ಟೆಯಿಂದ ಒರೆಸಿದ್ದು. ಪೆನಾಂಗ್‌ನಲ್ಲಿ ರಕ್ತವರ್ಣದ ಕಪ್ಪೆಚಿಪ್ಪನ್ನು ಅರೆಬೆಂದಂತೆ ಹಾಕುತ್ತಾರೆ. ನಮ್ಮ ಕರಾವಳಿಯ ಮರುವಾಯಿ ಅಥವಾ ಬಳಚನ್ನು ಬಳಸುವುದಾದರೆ ಬಾಯಿ ತೆರೆಯುವವರೆಗೆ ಪೂರ್ತಿ ಬೇಯಿಸಿ, ಮಾಂಸ ಬಿಡಿಸಿಟ್ಟುಕೊಳ್ಳಿ. ಮೊಟ್ಟೆ 4, ಬಾತುಕೋಳಿ ಮೊಟ್ಟೆ ಹಾಕುವ ಅಂಗಡಿಗಳೂ ಅಲ್ಲಿವೆ, ರುಚಿ ಇನ್ನೂ ದಟ್ಟ. ಹೆಸರುಕಾಳಿನ ಮೊಳಕೆ 200 ಗ್ರಾಂ, ಕೋಸಂಬರಿಗೆ ಹಾಕುವ ಗಿಡ್ಡ ಮೊಳಕೆಯಲ್ಲ, ನಾಲ್ಕೈದು ಸೆಂಟಿಮೀಟರ್ ಉದ್ದದ ಬಿಳಿಯದು. ಬೆಳ್ಳುಳ್ಳಿಯ ಘಮದ ಚೈವ್ಸ್ ಸೊಪ್ಪು ಒಂದು ಹಿಡಿ, ಸಿಗದಿದ್ದರೆ ಈರುಳ್ಳಿ ಸೊಪ್ಪಿನ ಹಸಿರು ಭಾಗ. ಕೊಚ್ಚಿದ ಬೆಳ್ಳುಳ್ಳಿ 4 ಚಿಕ್ಕ ಚಮಚ. ಒಣ ಚೀನೀ ಸಾಸೇಜ್ ಇಷ್ಟವಿದ್ದರೆ ತೆಳ್ಳಗೆ ಹೆಚ್ಚಿಕೊಳ್ಳಿ.

ಸಾಸ್: ತಿಳಿ ಸೋಯಾ 4 ದೊಡ್ಡ ಚಮಚ, ಕಡು ಸೋಯಾ 1, ನೀರು 2, ಸಕ್ಕರೆ 1 ಚಿಕ್ಕ ಚಮಚ, ಬಿಳಿ ಮೆಣಸಿನಪುಡಿ ಕಾಲು ಚಮಚ. ಮೊದಲೇ ಬೆರೆಸಿಡಿ. ಖಾರಕ್ಕೆ ನೆನೆಸಿದ ಒಣಮೆಣಸಿನಕಾಯಿ ರುಬ್ಬಿ, ಎಣ್ಣೆಯಲ್ಲಿ ಹಸಿ ವಾಸನೆ ಹೋಗುವವರೆಗೆ ಹುರಿದ ಮುದ್ದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಸೇರಿದರೆ ಚೆನ್ನ.

ಮೂಲ ಅಡುಗೆಯಲ್ಲಿ ಹಂದಿಕೊಬ್ಬು. ಮಲಯ ಮುಸ್ಲಿಮರು ಅದಿಲ್ಲದೆ ಎಣ್ಣೆಯಲ್ಲಿಯೇ ಮಾಡುತ್ತಾರೆ. ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆ ಅಥವಾ ಅಕ್ಕಿ ತವುಡಿನ ಎಣ್ಣೆ 230 ಡಿಗ್ರಿಯ ಆಸುಪಾಸಿನವರೆಗೆ ತಡೆಯುತ್ತದೆ. ಗಾಣದ ಎಣ್ಣೆಗಳ ಪರಿಮಳ ಎಷ್ಟೇ ಇಷ್ಟವಾದರೂ ಈ ಉರಿಗೆ ಅವು ಬೇಗ ಕಮಟುತ್ತವೆ.

ಹುರಿಯುವುದು: ಒಂದು ತಟ್ಟೆ

ಖಾಲಿ ವೋಕ್ ಇಟ್ಟು ಬೀಸಿ. ಒಂದು ಹನಿ ನೀರು ಚಿಮುಕಿಸಿದರೆ ಅದು ಆವಿಯಾಗದೆ ಮುತ್ತಾಗಿ ಓಡಾಡಬೇಕು. ಎರಡು ದೊಡ್ಡ ಚಮಚ ಎಣ್ಣೆ ಹಾಕಿ, ಬದಿಗೆಲ್ಲ ತಾಗುವಂತೆ ತಿರುಗಿಸಿ. ತೆಳು ಹೊಗೆಯ ಎಳೆ ಎದ್ದ ಕ್ಷಣದಲ್ಲಿ ಸಿಗಡಿ, ಸಾಸೇಜ್. ಅರ್ಧ ನಿಮಿಷ, ಕೆಂಪಾಗಿ ಮುದುಡುವವರೆಗೆ. ಬೆಳ್ಳುಳ್ಳಿ ಈಗ ಹಾಕಿ, ಮೊದಲೇ ಹಾಕಿದರೆ ಈ ಉರಿಗೆ ಕರಿಯಾಗಿ ಕಹಿಯಾಗುತ್ತದೆ.

ಐದು ಎಣಿಸಿ ಶ್ಯಾವಿಗೆ ಸುರಿಯಿರಿ, ಗಾಳಿ ಜೋರಾಗಲಿ. ತಕ್ಷಣ ಕೆದಕಬೇಡಿ. ಹತ್ತು ಸೆಕೆಂಡ್ ಹಾಗೇ ಬಿಟ್ಟು ತಳ ತುಸು ಕಂದಾದ ಮೇಲೆ ಸಟ್ಟುಗವನ್ನು ಅಡಿಗೆ ತೂರಿಸಿ ಮಗುಚಿ. ಖಾರದ ಮುದ್ದೆ ಒಂದು ಚಿಕ್ಕ ಚಮಚ. ಒಂದೂವರೆ ದೊಡ್ಡ ಚಮಚ ಸಾಸನ್ನು ಶ್ಯಾವಿಗೆಯ ಮೇಲೆ ಹಾಕದೆ ವೋಕ್‌ನ ಕಾದ ಅಂಚಿನ ಸುತ್ತ ಸುರಿಯಿರಿ. ಅದು ಚುರುಗುಟ್ಟಿ ನೊರೆಯಾಗಿ ಕೆಳಗಿಳಿಯುತ್ತದೆ. ಪರಿಮಳದ ಅರ್ಧ ಪಾಲು ಹುಟ್ಟುವುದು ಇಲ್ಲಿಯೇ.

ಈಗ ಎಸೆದು ಮಗುಚುವ ಮಾತು. ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ಚೀನೀ ಅಡುಗೆಯವರು ಅನ್ನ ಹುರಿಯುವುದನ್ನು ಚಿತ್ರೀಕರಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನುರಿತ ಕೈ ಸೆಕೆಂಡಿಗೆ ಸುಮಾರು ಮೂರು ಸಲ ಎಸೆಯುತ್ತದೆ, ಆಗ ವೋಕ್ ಒಲೆಯ ಅಂಚಿನ ಮೇಲೆ ಆನಿಕೊಂಡೇ ಜಾರಾಡುತ್ತದೆ. ಪೂರ್ತಿ ಎತ್ತಿ ಕೈಯಲ್ಲಿ ಹಿಡಿದು ಎಸೆಯುವ ಅಗತ್ಯವಿಲ್ಲ. ನಿಮ್ಮ ಒಲೆ ಅಲುಗಾಡದಿದ್ದರೆ ಮಾತ್ರ ಹೀಗೆ ಮಾಡಿ. ಎಸೆಯಲು ಬಾರದಿದ್ದರೆ ಸಟ್ಟುಗದಿಂದ ಮೇಲೆ ಕೆಳಗೆ ಮಾಡಿದರೂ ರುಚಿಗೇನೂ ಕೊರತೆಯಾಗದು.

ಶ್ಯಾವಿಗೆಯನ್ನು ಒಂದು ಬದಿಗೆ ತಳ್ಳಿ, ಖಾಲಿಯಾದ ಜಾಗಕ್ಕೆ ಒಂದು ಚಮಚ ಎಣ್ಣೆ, ಅದರ ಮೇಲೆ ಮೊಟ್ಟೆ ಒಡೆಯಿರಿ. ಹಳದಿ ಕದಡಿ, ಅರ್ಧ ಗಟ್ಟಿಯಾದಾಗ ಶ್ಯಾವಿಗೆಯನ್ನು ಅದರ ಮೇಲೆ ಮಗುಚಿ ಹತ್ತು ಎಣಿಸಿ. ಕಪ್ಪೆಚಿಪ್ಪಿನ ಮಾಂಸ, ಮೊಳಕೆ, ಸೊಪ್ಪು ಒಟ್ಟಿಗೆ. ಹದಿನೈದಿಪ್ಪತ್ತು ಸೆಕೆಂಡ್ ಸಾಕು, ಮೊಳಕೆ ಕಡಿದರೆ ಕರಕ್ ಎನ್ನಬೇಕು. ಇಳಿಸಿ ಬಾಳೆಲೆ ಹಾಸಿದ ತಟ್ಟೆಗೆ ಹಾಕಿ. ಪೆನಾಂಗ್‌ನಲ್ಲಿಯೂ ಬಾಳೆಲೆಯ ಮೇಲೆ ಬಡಿಸುವ ರೂಢಿ ಇದೆ, ಬಿಸಿಗೆ ಎಲೆ ಬಾಡುವ ವಾಸನೆ ಊಟಕ್ಕೆ ಸೇರುತ್ತದೆ. ಮೊದಲ ತಟ್ಟೆ ಸಿಕ್ಕವರು ಉಳಿದವರಿಗಾಗಿ ಕಾಯದೆ ತಿನ್ನಲಿ. ಎಲ್ಲರೂ ಒಟ್ಟಿಗೆ ಕೂರುವ ನಮ್ಮ ಪದ್ಧತಿಯನ್ನು ಈ ಒಂದು ಅಡುಗೆಗೆ ಬಿಟ್ಟುಕೊಡಬೇಕು.

ಎರಡು ತಟ್ಟೆಗಳ ನಡುವೆ ವೋಕ್‌ಗೆ ಬಿಸಿನೀರು ಹಾಕಿ, ಬಿದಿರಿನ ಕುಂಚದಿಂದಲೋ ತೆಂಗಿನ ನಾರಿನಿಂದಲೋ ಉಜ್ಜಿ ಚೆಲ್ಲಿ, ಮತ್ತೆ ಕಾಯಿಸಿ. ನೀರನ್ನು ಕೆಂಡಕ್ಕೆ ಚೆಲ್ಲಬೇಡಿ.

ಮೀನು ಮಾಂಸ ಮೊಟ್ಟೆ ತಿನ್ನದವರು ಗಟ್ಟಿ ತೋಫುವನ್ನು ಒತ್ತಿ ನೀರು ತೆಗೆದು, ಮೊದಲೇ ಕೆಂಪಗೆ ಹುರಿದಿಟ್ಟುಕೊಳ್ಳಲಿ. ಅಣಬೆ ಹಾಕುವುದಾದರೆ ಅದನ್ನೂ ಬೇರೆಯಾಗಿ ನೀರು ಇಂಗುವವರೆಗೆ ಹುರಿಯಬೇಕು, ಹಸಿಯಾಗಿ ಹಾಕಿದರೆ ವೋಕ್ ತಣ್ಣಗಾಗುತ್ತದೆ. ಕೊಬ್ಬಿನ ರುಚಿಯ ಬದಲಿಗೆ ಸಣ್ಣ ಈರುಳ್ಳಿ ಕರಿದ ಎಣ್ಣೆ ಬಳಸಿ, ಕರಿದ ಈರುಳ್ಳಿಯನ್ನು ಕೊನೆಗೆ ಉದುರಿಸಿ.

ಶ್ಯಾವಿಗೆ ಅಂಟಿ ಹರಿಯುತ್ತಿದ್ದರೆ ವೋಕ್ ಸಾಕಷ್ಟು ಕಾದಿರಲಿಲ್ಲ ಅಥವಾ ಶ್ಯಾವಿಗೆಯಲ್ಲಿ ನೀರಿತ್ತು. ಬಣ್ಣ ಬಂದರೂ ಘಮ ಇಲ್ಲವೆಂದರೆ ಪ್ರಮಾಣ ಹೆಚ್ಚಾಗಿದೆ, ಅರ್ಧ ಮಾಡಿ. ನಾಲ್ಕನೆಯ ತಟ್ಟೆಯ ಹೊತ್ತಿಗೆ ಉರಿ ಇಳಿಯುವುದು ಸಹಜ. ಅದಕ್ಕಾಗಿ ಪಕ್ಕದಲ್ಲಿ ಸ್ವಲ್ಪ ಇದ್ದಿಲನ್ನು ಮೊದಲೇ ಹೊತ್ತಿಸಿಟ್ಟುಕೊಂಡು ಇಕ್ಕಳದಿಂದ ಬದಿಗೆ ಸೇರಿಸಿ. ಹೊತ್ತದ ಇದ್ದಿಲನ್ನು ನಡುವೆ ಹಾಕಬೇಡಿ.

ಊಟವಾದ ಮೇಲೆ ಉಳಿಯುವ ಕೆಂಡ ಇನ್ನೂ ಒಂದು ಗಂಟೆ ಬಾಳುತ್ತದೆ. ಎರಡು ದೊಡ್ಡ ಬದನೆಕಾಯಿಗೆ ಎಣ್ಣೆ ಸವರಿ ಹೂತಿಡಿ, ಮರುದಿನದ ಗೊಜ್ಜಿಗಾಗುತ್ತದೆ. ಆಮೇಲೆ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿ, ಅಗ್ಗಿಷ್ಟಿಕೆಯಾದರೆ ಮರಳು ಸುರಿದು ಕೆಂಡ ನಂದಿಸಿ. ವೋಕ್ ತೊಳೆದು, ಬಿಸಿಗೆ ಒಣಗಿಸಿ, ಎಣ್ಣೆಯ ಬಟ್ಟೆಯಿಂದ ಒರೆಸಿಡಿ. ಬೂದಿಯನ್ನು ಎರಡು ದಿನ ಬಿಟ್ಟೇ ಮುಟ್ಟಿ, ಒಳಗೆ ಕಿಡಿ ಉಳಿದಿರಬಹುದು. ಅರೆ ಉರಿದ ತುಂಡುಗಳನ್ನು ಆರಿಸಿ ಡಬ್ಬಿಗೆ ಹಾಕಿಡಿ. ಮುಂದಿನ ಸಲ ಅವನ್ನು ತಳದಲ್ಲಿಟ್ಟು ಹೊಸ ಇದ್ದಿಲನ್ನು ಮೇಲೆ ಹಾಕಿದರೆ ಬೇಗ ಹೊತ್ತುತ್ತದೆ.